ಮಳೆಗೆ ಮಲಗಿಸಿದ ಮರ: ಮಲೆನಾಡಿನ ಒಂದು ಡೆಕ್ಕಿನ ಪ್ರಕರಣ

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಮುಖ್ಯರಸ್ತೆ ಬಿಟ್ಟು ಅಡಿಕೆ ತೋಟಗಳ ನಡುವೆ ಇಳಿದರೆ ಈ ಮನೆ ಸಿಗುತ್ತದೆ. ಮನೆ ಅಜ್ಜನ ಕಾಲದ್ದು. ಅದನ್ನು ಹೋಮ್‌ಸ್ಟೇ ಮಾಡಿದಾಗ, ಬಂದವರು ಕೂತು ಹಳ್ಳ ನೋಡಲಿ ಎಂದು ಹಿಂಬದಿಗೆ 24 ಅಡಿ ಉದ್ದ, 12 ಅಡಿ ಅಗಲದ ಮರದ ಡೆಕ್ ಸೇರಿಸಿದರು. ಮೂರನೇ ಮಳೆಗಾಲ ಮುಗಿಯುವಷ್ಟರಲ್ಲಿ ಅದು ಹಸಿರು, ಕಪ್ಪು, ಬೂದಿ ಬಣ್ಣಗಳ ತೇಪೆಯಾಗಿತ್ತು. ಅತಿಥಿಯೊಬ್ಬರು ಜಾರಿ ಬಿದ್ದು ಮೊಣಕೈ ತರಚಿಕೊಂಡ ಮೇಲೆ ಯಜಮಾನರು ಅಡ್ಡಕ್ಕೆ ಹಗ್ಗ ಕಟ್ಟಿಬಿಟ್ಟಿದ್ದರು.

ನನ್ನನ್ನು ಕರೆದದ್ದು ಒಂದೇ ಪ್ರಶ್ನೆಗೆ: "ಯಾವ ಬಣ್ಣ ಹೊಡೆದ್ರೆ ಬೂಷ್ಟು ಬರದಿಲ್ಲ ಮಾರಾಯ್ರೆ?" ಇಂಥ ಮನೆಗಳಲ್ಲಿ ಈ ಪ್ರಶ್ನೆ ಕೇಳುವುದೂ, ಅದಕ್ಕೆ ಅಂಗಡಿಯವರು ಒಂದು ಡಬ್ಬಿ ತೆಗೆದು ಮುಂದಿಡುವುದೂ ಮಾಮೂಲು. ಈ ಡೆಕ್ಕಿನ ಕಾಯಿಲೆ ಡಬ್ಬಿಯಿಂದ ವಾಸಿಯಾಗುವಂಥದ್ದಲ್ಲ ಎಂದು ಒಂದು ಹಲಗೆ ಎಬ್ಬಿಸಿ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಎಬ್ಬಿಸಿ ನೋಡಿದವರು ಮಾತ್ರ ಇರಲಿಲ್ಲ.

ಅದು ಹೀಗಾಗಿದ್ದು ಹೇಗೆ

ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ಮೀರುತ್ತದೆ. ಈ ಮನೆ ಇರುವ ಕಡೆ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಹರವಿದ ಬಟ್ಟೆ ಒಣಗುವುದಿಲ್ಲ. ಡೆಕ್ ಇರುವುದು ಮನೆಯ ಉತ್ತರಕ್ಕೆ. ಪಶ್ಚಿಮಕ್ಕೆ ಗುಡ್ಡ ಅಡ್ಡ, ತಲೆಯ ಮೇಲೆ ಹಲಸಿನ ಮರ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಮನೆಯ ನೆರಳೇ ಡೆಕ್ಕಿನ ಬಹುಭಾಗವನ್ನು ಮುಚ್ಚುತ್ತದೆ. ಮಳೆ ನಿಂತರೂ ಇಬ್ಬನಿ ಬಿಡುವುದಿಲ್ಲ.

ಹಲಗೆಗಳು ಸಾಗುವಾನಿ. ಸ್ವಂತ ತೋಟದ ಮರ ಎಂದು ಯಜಮಾನರಿಗೆ ಹೆಮ್ಮೆ. ಆದರೆ ಸಾಗುವಾನಿಗೆ ಇರುವ ಹೆಸರೆಲ್ಲ ಅದರ ಚೇಗಿನದ್ದು, ಅಂದರೆ ನಡುವಿನ ಗಟ್ಟಿ ತಿರುಳಿನದ್ದು. ಎಳೆಯ ಮರ ಕೊಯ್ದರೆ ಚೇಗಿನ ಸುತ್ತ ಬಿಳಿ ಭಾಗ ಹೆಚ್ಚು ಬರುತ್ತದೆ, ಅದಕ್ಕೆ ಬೂಷ್ಟನ್ನಾಗಲಿ ಗೆದ್ದಲನ್ನಾಗಲಿ ತಡೆಯುವ ಶಕ್ತಿ ಇಲ್ಲ. ಇಲ್ಲಿನ ಹಲಗೆಗಳಲ್ಲಿ ಸುಮಾರು ಮೂರರಲ್ಲೊಂದಕ್ಕೆ ಒಂದು ಅಂಚು ಪೂರ್ತಿ ಬಿಳಿ. ಹೆಚ್ಚು ಕಪ್ಪಾಗಿದ್ದದ್ದೂ ಅವೇ.

ಮೊದಲ ವರ್ಷ ಹಲಗೆಗೆ ಕುಡಿಸಿದ್ದು ಅಗಸೆ ಎಣ್ಣೆ, ಟರ್ಪೆಂಟೈನ್ ಬೆರೆಸಿ. ಬಂಧುಗಳೊಬ್ಬರ ಸಲಹೆ. ಬಾಗಿಲು, ಕುರ್ಚಿ, ಮಳೆ ತಾಗದ ಕಂಬಕ್ಕೆ ಇದು ಒಳ್ಳೆಯದೇ. ನೆರಳಿನಲ್ಲಿ ನೆನೆಯುವ ನೆಲಕ್ಕೆ ಅಲ್ಲ, ಏಕೆಂದರೆ ಶಿಲೀಂಧ್ರನಾಶಕ ಬೆರೆಸದ ಅಗಸೆ ಎಣ್ಣೆ ಬೂಷ್ಟಿಗೆ ಊಟ. ಬಣ್ಣ ಬಳಿದ ಮರದ ಮೇಲೆ ಕಪ್ಪು ಚುಕ್ಕೆ ಹಾಕುವ ಆರಿಯೋಬೇಸಿಡಿಯಂ ಎಂಬ ಶಿಲೀಂಧ್ರ ಅದನ್ನು ತಿಂದೇ ಬೆಳೆಯಬಲ್ಲದು. ಮೊದಲ ಮಳೆಗಾಲದಲ್ಲೇ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಎದ್ದವು. ಎರಡನೇ ವರ್ಷ ಪೇಂಟರ್ ಆ ಚುಕ್ಕೆಗಳನ್ನು ಸ್ಯಾಂಡ್ ಪೇಪರಿನಲ್ಲಿ ಮೇಲಿಂದ ಮೇಲೆ ಉಜ್ಜಿ, ಹೊಳೆಯುವ ಪಾಲಿಶನ್ನು ಎರಡು ಕೋಟ್ ಎಳೆದ. ದೀಪಾವಳಿಗೆ ಕನ್ನಡಿಯಂತೆ ಹೊಳೆಯಿತಂತೆ. ಮರುವರ್ಷದ ಆಗಸ್ಟಿನಲ್ಲಿ ಪದರ ಎದ್ದು ಸಿಪ್ಪೆ ಸುಲಿಯತೊಡಗಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮಲೆನಾಡಿನಲ್ಲಿ ಡೆಕ್ ಹಾಳಾಗುವುದರಲ್ಲಿ ಅರ್ಧ ಪಾಲು ಈ ಹೊಳಪಿನದ್ದು. ಗೋಡೆಗೆ ನಿಲ್ಲಿಸಿದ ಮರದ ಮೇಲೆ ಬಿದ್ದ ನೀರು ಇಳಿದುಹೋಗುತ್ತದೆ, ಮಲಗಿಸಿದ ಹಲಗೆಯ ಮೇಲೆ ನಿಲ್ಲುತ್ತದೆ. ಹಲಗೆ ನೆನೆದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ನಾಲ್ಕಿಂಚು ಅಗಲದ ಸಾಗುವಾನಿ ಹಲಗೆ ಮಳೆಗಾಲದ ಹಸಿಯಿಂದ ಬೇಸಿಗೆಯ ಒಣಗಿಗೆ ಬರುವಾಗ ಎರಡು ಮೂರು ಮಿಲಿಮೀಟರ್ ಕಿರಿದಾಗಬಹುದು. ಮೇಲಿನ ಗಟ್ಟಿ ಪದರ ಅಷ್ಟು ಎಳೆದಾಟ ತಾಳದೆ ಸ್ಕ್ರೂ ಇರುವಲ್ಲಿ, ಗಂಟು ಇರುವಲ್ಲಿ, ಹಲಗೆಯ ತುದಿಯಲ್ಲಿ ಕೂದಲೆಳೆಯಷ್ಟು ಸೀಳುತ್ತದೆ. ನೀರು ಒಳಗೆ ಹೋಗಲು ಅಷ್ಟು ಸಾಕು, ಹೊರಗೆ ಬರಲು ಸಾಲದು. ಹಲಗೆಯ ಅಡಿಭಾಗಕ್ಕೂ ತುದಿಗಳಿಗೂ ಪೇಂಟರ್ ಏನನ್ನೂ ಬಳಿದಿರಲಿಲ್ಲ, ಆದ್ದರಿಂದ ಕೆಳಗಿನ ಹಸಿ ಮಣ್ಣಿನ ಆವಿ ಕೆಳಗಿನಿಂದಲೇ ಏರುತ್ತಿತ್ತು. ಮೇಲೆ ಮುಚ್ಚಳ, ಕೆಳಗೆ ಹಬೆ. ಬೂಷ್ಟು ಪಾಲಿಶಿನ ಮೇಲಲ್ಲ, ಅದರ ಅಡಿಯಲ್ಲಿ ಬೆಳೆದಿತ್ತು.

ಕಪ್ಪಿದ್ದದ್ದೆಲ್ಲ ಬೂಷ್ಟಲ್ಲ

ತೊಳೆಯುವ ಮೊದಲು ಅದು ಏನೆಂದು ಗುರುತಿಸಬೇಕು. ಡೆಕ್ಕಿನ ಮೇಲೆ ನಾಲ್ಕು ಬೇರೆ ಬೇರೆ ಸಂಗತಿಗಳಿದ್ದವು, ಮನೆಯವರು ಎಲ್ಲವನ್ನೂ ಬೂಷ್ಟು ಎನ್ನುತ್ತಿದ್ದರು.

ಹಸಿರಾಗಿ ಜಾರುತ್ತಿದ್ದದ್ದು ಪಾಚಿ. ಅದಕ್ಕೆ ಮರದ ಮೇಲೆ ದ್ವೇಷವಿಲ್ಲ, ನೀರು ಮತ್ತು ಒಂದಿಷ್ಟು ಬೆಳಕು ಸಿಕ್ಕಿದರೆ ಕಲ್ಲಿನ ಮೇಲೂ ಬರುತ್ತದೆ. ಕಪ್ಪು ಚುಕ್ಕೆಗಳದ್ದು ಬೂಷ್ಟೋ ಅಲ್ಲವೋ ಎಂದು ತಿಳಿಯಲು ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣದ ಒಂದು ಹನಿ ಸಾಕು. ಒಂದೆರಡು ನಿಮಿಷದಲ್ಲಿ ಚುಕ್ಕೆ ಬೆಳ್ಳಗಾದರೆ ಬೂಷ್ಟು. ಇಲ್ಲಿ ಹೆಚ್ಚಿನವು ಬೆಳ್ಳಗಾದವು. ಆದರೆ ಸ್ಕ್ರೂಗಳ ಸುತ್ತಲಿನ ನೀಲಿಗಪ್ಪು ಕಲೆಗಳೂ, ಹೂಕುಂಡಗಳ ಅಡಿಯ ಉಂಗುರಗಳೂ ಕದಲಲಿಲ್ಲ. ಅವು ಕಬ್ಬಿಣದ ಕಲೆ. ಮರದ ಒಗರು, ಮೇಲೆ ಬಿದ್ದು ಕೊಳೆತ ಎಲೆಗಳ ಒಗರು, ಮಾಮೂಲಿ ಕಬ್ಬಿಣದ ಸ್ಕ್ರೂಗಳ ತುಕ್ಕು, ಕುಂಡದ ಕಬ್ಬಿಣದ ಸ್ಟ್ಯಾಂಡು ಸೇರಿ ಶಾಯಿ ತಯಾರಾಗಿತ್ತು. ಇದಕ್ಕೆ ಬ್ಲೀಚ್ ಸುರಿದು ಪ್ರಯೋಜನವಿಲ್ಲ.

ನಾಲ್ಕನೆಯದು ಕುಂಬು, ನಿಜವಾಗಿ ಹೆದರಬೇಕಾದ್ದು. ಬೂಷ್ಟು ಮರದ ಮೈಮೇಲಿನ ಸಕ್ಕರೆ, ಎಣ್ಣೆ, ಧೂಳು ತಿಂದುಕೊಂಡಿರುತ್ತದೆ, ಮರದ ಬಲ ಕುಂದಿಸುವುದಿಲ್ಲ. ಕುಂಬು ಹಿಡಿಸುವ ಶಿಲೀಂಧ್ರ ಮರವನ್ನೇ ತಿನ್ನುತ್ತದೆ. ಸ್ಕ್ರೂಡ್ರೈವರ್ ಚುಚ್ಚಿ ಮೀಟಿದಾಗ ಗಟ್ಟಿ ಮರ ಉದ್ದುದ್ದ ನಾರಾಗಿ ಏಳುತ್ತದೆ, ಕುಂಬು ಮರ ತುಂಡು ತುಂಡಾಗಿ ಉದುರುತ್ತದೆ. ಮೇಲಿನ ಹಲಗೆಗಳೆಲ್ಲ ಪಾಸಾದವು. ಅವನ್ನು ಹೊತ್ತಿದ್ದ ತೊಲೆಗಳ ಪೈಕಿ ಮನೆ ಕಡೆಯ ಎರಡರ ತುದಿಗಳು ಉದುರಿದವು.

ಮಾಯಿಶ್ಚರ್ ಮೀಟರಿನ ಮುಳ್ಳು ಚುಚ್ಚಿದಾಗ ಹಲಗೆಗಳಲ್ಲಿ 24ರಿಂದ 28 ಶೇಕಡಾ ತೇವ ತೋರಿಸಿತು, ಅದೂ ಎರಡು ದಿನ ಮಳೆ ಇಲ್ಲದ ಮೇಲೆ. ಮರ 20 ಶೇಕಡಾದ ಕೆಳಗಿದ್ದರೆ ಕುಂಬಿನ ಶಿಲೀಂಧ್ರಕ್ಕೆ ಬದುಕು ಕಷ್ಟ. ಮಳೆಗಾಲದಲ್ಲಿ ಯಾವ ಡೆಕ್ಕೂ ಆ ಗಡಿಯೊಳಗೆ ಉಳಿಯುವುದಿಲ್ಲ. ಮಳೆ ನಿಂತ ಮೇಲೆ ಎಷ್ಟು ಬೇಗ ಕೆಳಗಿಳಿಯುತ್ತದೆ ಎನ್ನುವುದೇ ಲೆಕ್ಕ. ಇದು ಇಳಿಯುತ್ತಲೇ ಇರಲಿಲ್ಲ.

ಏಕೆ ಇಳಿಯುತ್ತಿರಲಿಲ್ಲ ಎನ್ನುವುದು ಹಲಗೆ ಎಬ್ಬಿಸಿದಾಗ ತಿಳಿಯಿತು. ಡೆಕ್ ನೆಲದಿಂದ ಹತ್ತಿಂಚು ಮೇಲಿದೆ. ಅಡಿಯ ಖಾಲಿ ಜಾಗ ಕಾಣಬಾರದೆಂದು ಮೂರೂ ಬದಿಗೆ ಜಂಬಿಟ್ಟಿಗೆ ಕಟ್ಟಿ ಮುಚ್ಚಿದ್ದರು, ಒಂದು ತೂತೂ ಇಲ್ಲ. ಹಲಗೆಗಳನ್ನು ಡಿಸೆಂಬರಿನಲ್ಲಿ ಒತ್ತೊತ್ತಾಗಿ ಜೋಡಿಸಿದ್ದರಿಂದ ಜೂನ್‌ನಲ್ಲಿ ಹಿಗ್ಗಲು ಜಾಗವಿಲ್ಲದೆ ನಡು ತಗ್ಗಿ ದೋಣಿಯಾಗಿದ್ದವು, ಪ್ರತಿ ದೋಣಿಯಲ್ಲೂ ನೀರು. ಸೂರಿನ ನೀರು ನೇರ ಡೆಕ್ಕಿನ ಮನೆ ಕಡೆಯ ಅಂಚಿಗೆ ಧಾರೆ ಕಟ್ಟುತ್ತಿತ್ತು, ಕುಂಬಾದ ತೊಲೆ ತುದಿಗಳು ಇದ್ದದ್ದೂ ಅಲ್ಲೇ. ಇದೆಲ್ಲ ಸಾಲದೆಂದು ಜಾರಬಾರದು ಎಂದು ಹಸಿರು ಪ್ಲಾಸ್ಟಿಕ್ ಹುಲ್ಲಿನ ಹಾಸು ಬೇರೆ ಹಾಸಿದ್ದರು. ಅದನ್ನು ಎತ್ತಿದಾಗ ಬಂದ ವಾಸನೆಯ ಬಗ್ಗೆ ಬರೆಯುವುದು ಬೇಡ.

ಸಲಹೆಗಳ ಸಂತೆ

ತೋಟ ನೋಡಿಕೊಳ್ಳುವವರು ಬೋರ್ಡೋ ಹೊಡೆದುಬಿಡೋಣ ಎಂದರು. ನಗುವ ಮಾತಲ್ಲ. ಅಡಿಕೆಯ ಕೊಳೆರೋಗಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಕಣ್ಣುಮುಚ್ಚಿ ಬೆರೆಸುವವರಿಗೆ ತಾಮ್ರದ ಗುಣ ಗೊತ್ತು. ತಾಮ್ರದಿಂದ ಮರ ಉಳಿಸುವ ಒಂದು ಹೆಸರಾಂತ ದಾರಿಯನ್ನು ತೋರಿಸಿದ್ದೂ ನಮ್ಮವರೇ: ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಸಂರಕ್ಷಕವನ್ನು ರೂಪಿಸಿದರು. ದಶಕಗಳ ಕಾಲ ಅಮೆರಿಕದ ಮನೆಗಳ ಡೆಕ್ಕುಗಳು ನಿಂತದ್ದು ಅದರ ಮೇಲೆ. ಆರ್ಸೆನಿಕ್ಕಿನ ಕಾರಣಕ್ಕೆ 2003ರ ಕೊನೆಯಲ್ಲಿ ಅಲ್ಲಿ ಮನೆಬಳಕೆಗೆ ಅದನ್ನು ನಿಲ್ಲಿಸಿದರು. ಆದರೆ ಅದನ್ನು ಒತ್ತಡ ಹಾಕಿ ಮರದ ಒಳಕ್ಕೆ ತುಂಬುತ್ತಿದ್ದರು. ಮೇಲೆ ಎರಚಿದ ಬೋರ್ಡೋ ಮರದಲ್ಲಿ ಇಳಿಯುವುದಿಲ್ಲ, ನೀಲಿ ಹುಡಿಯಾಗಿ ಕಾಲಿಗಂಟುತ್ತದೆ. ಇನ್ನೊಂದು, ಸುಣ್ಣ ಕಡಿಮೆಯಾದ ದ್ರಾವಣಕ್ಕೆ ಕತ್ತಿ ಅದ್ದಿದರೆ ಕೆಂಪಾಗುತ್ತದಲ್ಲ, ಸ್ಕ್ರೂಗಳ ಮೇಲೂ ಅದೇ ಆಟ ನಡೆದು ಅವು ಬೇಗ ಸವೆಯುತ್ತವೆ. ಇದನ್ನು ಹೇಳಿದ ಕೂಡಲೇ ಅವರು ಒಪ್ಪಿದರು.

ಗೇರೆಣ್ಣೆ ಬಳಿಯೋಣ ಎಂದದ್ದು ಆಚಾರಿ. ಕರಾವಳಿಯಲ್ಲಿ ದೋಣಿಗೂ ಮಾಡಿನ ಪಕಾಸಿಗೂ ಬಳಿಯುತ್ತಾ ಬಂದದ್ದು, ಗೆದ್ದಲಿಗೆ ಒಳ್ಳೆಯದು. ಕೂತು ನಡೆದಾಡುವ ಜಾಗಕ್ಕೆ ಮಾತ್ರ ಅಲ್ಲ. ಅಂಟುತ್ತದೆ, ಕಪ್ಪು, ಹಸಿ ಇರುವಾಗ ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ. ಕಣ್ಣಿಗೆ ಬೀಳದ ತೊಲೆಗಳಿಗೆ ಅದನ್ನೇ ಒಪ್ಪಿಕೊಂಡೆವು. ಕೈಗವಸು ಹಾಕದೆ ಬಳಿದ ಹುಡುಗನೊಬ್ಬನ ಮುಂಗೈ ವಾರವಿಡೀ ಉರಿಯಿತು, ಹೇಳಿದ ಮೇಲೂ.

ಬೊರಾಕ್ಸ್ ಮತ್ತು ಬೋರಿಕ್ ಆಸಿಡ್ಡಿನ ದ್ರಾವಣ ಹಸಿ ಮರದೊಳಗೆ ತಾನಾಗಿ ಹರಡುತ್ತದೆ, ವಿಷವೂ ಕಡಿಮೆ. ಸೂರಿನಡಿಯ ಮರಕ್ಕೆ ನಾನು ಅದನ್ನೇ ಹೇಳುವುದು. ನೇರ ಮಳೆ ಬೀಳುವಲ್ಲಿ ನೀರಿನೊಂದಿಗೆ ಬಂದದ್ದು ನೀರಿನೊಂದಿಗೇ ಹೋಗುತ್ತದೆ. ಇಲ್ಲಿ ಉಪಯೋಗಿಸಲಿಲ್ಲ.

ಮೊದಲು ಗಾಳಿ

ಕೆಲಸ ಶುರುವಾದದ್ದು ಬಣ್ಣದಿಂದ ಅಲ್ಲ ಎನ್ನುವುದು ಯಜಮಾನರಿಗೆ ಕಡೆಯವರೆಗೂ ಒಂದಿಷ್ಟು ಬೇಸರದ ವಿಷಯವಾಗಿತ್ತು. ಸೂರಿಗೆ ಉದ್ದಕ್ಕೂ ದಂಬೆ ಕಟ್ಟಿಸಿದೆವು. ಅಡಿಕೆಯದ್ದಲ್ಲ, ಪಿವಿಸಿಯದ್ದು, ನೀರು ತೋಟದ ಕಪ್ಪಿಗೆ (ಬಸಿಗಾಲುವೆಗೆ) ಹೋಗುವಂತೆ. ಇದಕ್ಕೆ ತಗುಲಿದ್ದು ಹಿಂದಿನ ಪಾಲಿಶಿಗಿಂತ ಕಡಿಮೆ ಖರ್ಚು, ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಉಪಕಾರವಾದದ್ದೂ ಇದೇ. ಜಂಬಿಟ್ಟಿಗೆ ಗೋಡೆಯಲ್ಲಿ ಒಂದು ಬಿಟ್ಟು ಒಂದು ಕಲ್ಲು ಕಿತ್ತು ಗಾಳಿ ಈ ಬದಿಯಿಂದ ಆ ಬದಿಗೆ ಹಾಯುವಂತೆ ಮಾಡಿದೆವು. ಅಡಿಯ ಮಣ್ಣನ್ನು ಹೊರಕ್ಕೆ ಇಳಿಜಾರು ಮಾಡಿ ಮೇಲೆ ಜಲ್ಲಿ ಹರಡಿದೆವು.

ಹಲಗೆಗಳನ್ನೆಲ್ಲ ಬಿಚ್ಚಿ, ನಂಬರ್ ಬರೆದು, ಅಡಿಕೆ ಒಣಗಿಸುವ ಚಪ್ಪರದ ಅಡಿಯಲ್ಲಿ ನಡುನಡುವೆ ರೀಪು ಕೊಟ್ಟು ಪೇರಿಸಿದೆವು. ಅಲ್ಲಿಗೆ ಕೆಲಸ ನಿಂತಿತು. ಅಡಿಕೆ ಕೊಯ್ಲು ಶುರುವಾದರೆ ಮಲೆನಾಡಿನಲ್ಲಿ ಆಳು ಸಿಗುವುದಿಲ್ಲ, ಡೆಕ್ಕಿಗಾಗಿ ಯಾರೂ ಅಡಿಕೆ ಬಿಡುವುದಿಲ್ಲ. ಈ ತಡ ಮರಕ್ಕೆ ಒಳ್ಳೆಯದೇ ಆಯಿತು. ಫೆಬ್ರವರಿಗೆ ತೇವ 14 ಶೇಕಡಾಕ್ಕೆ ಇಳಿದಿತ್ತು.

ಹಲಸಿನ ಮರದ ವಿಚಾರದಲ್ಲಿ ನನ್ನ ಮಾತು ನಡೆಯಲಿಲ್ಲ. ಡೆಕ್ಕಿನ ಮೇಲೆ ಚಾಚಿದ ದೊಡ್ಡ ಕೊಂಬೆ ತೆಗೆದರೆ ಬೆಳಗಿನ ಬಿಸಿಲು ಎರಡು ತಾಸು ಸಿಗುತ್ತಿತ್ತು. "ಆ ಕೊಂಬೆ ಹಣ್ಣಿಗೇ ಹೆಸರು ಮಗಾ, ಬೇಕಾದ್ರೆ ನಿಮ್ ಜಗಲಿನೇ ಆಚೆ ಇಟ್ಕಳಿ" ಎಂದರು ಯಜಮಾನರ ತಾಯಿ. ಕೆಳಗಿನ ಸಣ್ಣ ಕೊಂಬೆಗಳನ್ನಷ್ಟೇ ಸವರಿ ಗಾಳಿಗೆ ದಾರಿ ಮಾಡಿದೆವು. ಅವರ ಮಾತಿನಲ್ಲೂ ನ್ಯಾಯವಿದೆ. ಹಳೆ ಮನೆಯಲ್ಲಿ ಜಗಲಿ ಸೂರಿನ ಒಳಗೇ ಇತ್ತು, ನೆಲ ಮಣ್ಣಿನದ್ದು ಅಥವಾ ಕಾವಿಯದ್ದು, ಮರದ ಕಂಬಗಳು ಕಲ್ಲಿನ ಮೇಲೆ ನಿಂತಿದ್ದವು. ಮರವನ್ನು ಮಳೆಯಲ್ಲಿ ಮಲಗಿಸುವ ಯೋಚನೆ ಆ ಮನೆ ಕಟ್ಟಿದವರಿಗೆ ಬಂದೇ ಇರಲಿಲ್ಲ. ಡೆಕ್ ಕಟ್ಟುವ ಮುಂಚೆ ಕೇಳಿದ್ದರೆ ನಾನೂ ಬೇಡ ಎನ್ನುತ್ತಿದ್ದೆ.

ತೊಳೆಯುವುದು, ಬಳಿಯುವುದು

ಪಾಲಿಶ್ ಪದರವನ್ನು ಪೂರ್ತಿ ತೆಗೆಯಲೇಬೇಕಿತ್ತು. ಅರ್ಧ ಉಳಿದ ಪದರದ ಮೇಲೆ ಯಾವ ಸ್ಟೇನೂ (ಮರ ಹೀರಿಕೊಳ್ಳುವ ಬಣ್ಣ) ಒಳಗಿಳಿಯುವುದಿಲ್ಲ. ಮಷಿನ್ನಿಗೆ 60ರ ಪೇಪರ್ ಹಾಕಿ ಉಜ್ಜಿ 80ಕ್ಕೆ ನಿಲ್ಲಿಸಿದೆವು. ಇನ್ನೂ ನುಣ್ಣಗೆ ಮಾಡೋಣ ಎಂದು ಪೇಂಟರಿಗೆ ಕೈ ತುರಿಕೆ, ಆದರೆ ಮರ ತೀರಾ ನುಣುಪಾದರೆ ಸ್ಟೇನ್ ಹೀರುವುದಿಲ್ಲ. ಬೂಷ್ಟಿನ ಧೂಳು ಎದೆಗೆ ಹೋಗದಂತೆ ಮಾಸ್ಕ್ ಕಡ್ಡಾಯ.

ತೊಳೆಯಲು ಬ್ಲೀಚಿಂಗ್ ಪೌಡರ್ ಬೇಡವೆಂದೆ. ಅಂಗಳದ ಕಲ್ಲಿಗೆ ಸರಿ, ಮರದ ಮೇಲೆ ಪದೇ ಪದೇ ಹಾಕಿದರೆ ನಾರು ಎದ್ದು ಮೈಯೆಲ್ಲ ಜುಂಗಾಗುತ್ತದೆ, ಆ ಜುಂಗೇ ಮುಂದಿನ ಮಳೆಗೆ ನೀರು ಹಿಡಿಯುತ್ತದೆ. ಸೋಡಿಯಂ ಪರ್ಕಾರ್ಬೊನೇಟ್ ಪುಡಿ ನೀರಿಗೆ ಬಿದ್ದಾಗ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ, ಮರಕ್ಕೆ ಅದು ಮೃದು. ಬಿಸಿನೀರಿನಲ್ಲಿ ಕದಡಿ, ಕಾಲು ಗಂಟೆ ನೆನೆಯಲು ಬಿಟ್ಟು, ನೈಲಾನ್ ಬ್ರಷ್ಷಿನಲ್ಲಿ ನಾರಿನ ದಿಕ್ಕಿಗೆ ಉಜ್ಜಿ ತೊಳೆದೆವು. ತಂತಿ ಬ್ರಷ್ ಬೇಡ, ಅದರ ಚೂರುಗಳು ಮರದಲ್ಲಿ ಉಳಿದು ತುಕ್ಕು ಹಿಡಿಯುತ್ತವೆ. ಹೋಮ್‌ಸ್ಟೇಗಳಲ್ಲಿ ಈಗ ಎಲ್ಲರ ಹತ್ತಿರವೂ ಇರುವ ಕಾರು ತೊಳೆಯುವ ಪ್ರೆಷರ್ ವಾಷರನ್ನೂ ಒಳಗಿಡಿಸಿದೆ.

ಸ್ಕ್ರೂ ಕಲೆಗಳಿಗೆ ಆಕ್ಸಾಲಿಕ್ ಆಸಿಡ್, ಒಂದು ಲೀಟರ್ ಬಿಸಿನೀರಿಗೆ ಸುಮಾರು 100 ಗ್ರಾಂ, ಕಲೆಯ ಮೇಲೆ ಮಾತ್ರ. ಶಾಯಿಯಂತಿದ್ದದ್ದು ಕಣ್ಣೆದುರೇ ಮಾಯವಾಗುತ್ತದೆ. ಪರ್ಕಾರ್ಬೊನೇಟ್ ತೊಳೆದ ಮೇಲೆ ಮರದಲ್ಲಿ ಉಳಿಯುವ ಕ್ಷಾರವನ್ನೂ ತೆಳ್ಳಗಿನ ಆಕ್ಸಾಲಿಕ್ ನೀರು ಸರಿದೂಗಿಸುತ್ತದೆ. ಇದು ವಿಷ. ಕೈಗವಸು, ಕನ್ನಡಕ, ಪ್ಲಾಸ್ಟಿಕ್ ಬಕೆಟ್ ಬೇಕು, ದನಕರು ದೂರ ಇರಬೇಕು, ತೊಳೆದ ನೀರು ಹಳ್ಳಕ್ಕೆ ಹೋಗಬಾರದು. ಕೆಲಸದವರು ಹೊತ್ತು ಉಳಿಸಲು ಒಂದೇ ಬಕೆಟ್ಟಿಗೆ ಬ್ಲೀಚಿಂಗ್ ಪೌಡರನ್ನೂ ಇದನ್ನೂ ಹಾಕಲು ಹೊರಟಿದ್ದರು. ಬ್ಲೀಚಿಗೆ ಯಾವ ಆಸಿಡ್ ಸೇರಿದರೂ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕೋಣೆಯಲ್ಲಾದರೆ ಪ್ರಾಣಕ್ಕೇ ಕುತ್ತು.

ಮತ್ತೆ ಜೋಡಿಸುವಾಗ ತೊಲೆ ಮತ್ತು ಕಲ್ಲಿನ ನಡುವೆ, ತೊಲೆಯ ನೆತ್ತಿಯ ಮೇಲೆ ಟಾರ್ ಶೀಟಿನ ಪಟ್ಟಿ ಇಟ್ಟೆವು. ಕುಂಬು ಬಂದ ಎರಡು ತುದಿಗಳನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ಪಕ್ಕಕ್ಕೆ ಹೊಸ ತುಂಡು ಬೋಲ್ಟ್ ಮಾಡಿದ್ದು ಸದ್ಯಕ್ಕೆ. ಹಲಗೆ ಹಲಗೆಯ ನಡುವೆ ಆರು ಮಿಲಿಮೀಟರ್ ಸಂದು, ಸ್ಕ್ರೂ ಎಲ್ಲ ಸ್ಟೇನ್‌ಲೆಸ್ ಸ್ಟೀಲ್. ಸಂದು ಬಿಟ್ಟದ್ದರಿಂದ ಕೆಲವು ಹಲಗೆ ಉಳಿದವು, ಬಿಳಿ ಅಂಚಿನವುಗಳಲ್ಲಿ ತೀರಾ ಕೆಟ್ಟವನ್ನು ಆರಿಸಿ ಹೊರಗಿಟ್ಟೆವು.

ಕೊನೆಗೆ ಸ್ಟೇನ್. ಆರಿಸಿದ್ದು ಮರದೊಳಗೆ ಇಳಿಯುವ, ಪದರ ಕಟ್ಟದ, ಎಣ್ಣೆ ಆಧಾರದ, ಶಿಲೀಂಧ್ರನಾಶಕ ಸೇರಿದ ಕಂದು ಬಣ್ಣದ್ದು. ಬಣ್ಣವಿಲ್ಲದ ಪಾರದರ್ಶಕ ಸ್ಟೇನ್ ಬಿಸಿಲಿನ ಅತಿನೇರಳೆ ಕಿರಣವನ್ನು ಅಷ್ಟಾಗಿ ತಡೆಯುವುದಿಲ್ಲ, ಕಂದಿನಲ್ಲಿರುವ ಕಬ್ಬಿಣದ ಆಕ್ಸೈಡ್ ತಡೆಯುತ್ತದೆ. ತುದಿಗಳಿಗೆ, ಅವು ಇನ್ನು ಬೇಡ ಎನ್ನುವವರೆಗೆ ಕುಡಿಸಬೇಕು, ನೀರು ಅತಿ ಬೇಗ ಒಳಹೋಗುವುದು ಅಲ್ಲಿಂದಲೇ. ಅಡಿಭಾಗಕ್ಕೂ ಒಂದು ಕೈ. ಮೇಲ್ಮೈಗೆ ತೆಳ್ಳಗೆ ಬಳಿದು, ಇಪ್ಪತ್ತು ನಿಮಿಷದೊಳಗೆ ಹೀರದೆ ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ ತೆಗೆದೆವು. ದುಡ್ಡು ಕೊಟ್ಟು ತಂದದ್ದನ್ನು ಒರೆಸಿ ಬಿಸಾಡುವುದು ಪೇಂಟರಿಗೆ ಒಗ್ಗಲಿಲ್ಲ. ಉಳಿಸಿದರೆ ಅದು ಅಂಟಾಗಿ ನಿಂತು ಧೂಳು, ಬೂಷ್ಟು ಎರಡನ್ನೂ ಕರೆಯುತ್ತದೆ. ಆ ಎಣ್ಣೆಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಿನ ಬಕೆಟ್ಟಿಗೆ ಹಾಕಿದೆವು.

ಒಂದು ಮಳೆಗಾಲದ ನಂತರ

ಸಿಪ್ಪೆ ಏಳಲಿಲ್ಲ, ಏಳಲು ಪದರವೇ ಇಲ್ಲ. ಕಪ್ಪು ಚುಕ್ಕೆ ಎರಡು ಹಲಗೆಗಳಲ್ಲಿ ಮಾತ್ರ, ಎರಡೂ ಬಿಳಿ ಅಂಚಿನವು. ಮಳೆ ಬಿಟ್ಟ ನಾಲ್ಕನೇ ದಿನಕ್ಕೆ ಮೀಟರ್ 19 ತೋರಿಸಿತು. ಹಲಸಿನ ಅಡಿಯ ಮೂಲೆ ಜುಲೈಯಲ್ಲಿ ಹಸಿರಾಯಿತು, ಅದು ಆಗಿಯೇ ಆಗುತ್ತದೆ. ಮಳೆ ಹೊಳವಾದ ದಿನ ಬರೀ ನೀರು, ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ, ಸಂದಿನ ಎಲೆಗಳನ್ನು ಕಡ್ಡಿಯಿಂದ ತೆಗೆಯಬೇಕು. ಪ್ಲಾಸ್ಟಿಕ್ ಹುಲ್ಲು ದನದ ಕೊಟ್ಟಿಗೆ ದಾರಿಗೆ ಹೋಯಿತು. ಹೂಕುಂಡಗಳು ಕಟ್ಟೆಯ ಮೇಲೇರಿದವು.

ಅತಿಥಿಗಳು ಬರುವ ಮೊದಲು ಪ್ರತಿ ವರ್ಷ ಹೊಸದಾಗಿ ಬಳಿಯಬೇಕೆಂದು ಯಜಮಾನರಿಗೆ ಆಸೆ. ಬೇಡ ಎಂದಿದ್ದೇನೆ, ಮೇಲಿಂದ ಮೇಲೆ ಬಳಿದರೆ ಸ್ಟೇನೂ ಪದರವಾಗುತ್ತದೆ. ಬೇಸಿಗೆಯಲ್ಲಿ ಹಲಗೆಗೆ ನೀರು ಚಿಮುಕಿಸಿ ನೋಡಬೇಕು. ಹನಿ ಗುಂಡಗೆ ನಿಂತರೆ ಬಿಡುವುದು, ಹೀರಿ ಕಪ್ಪಾದ ಜಾಗಕ್ಕೆ ಮಾತ್ರ ಒಂದು ಕೈ. ಈ ಸಲ ಹಾಗೆ ಹೀರಿದ್ದು ಮೆಟ್ಟಿಲಿನ ಹತ್ತಿರದ ಆರು ಹಲಗೆಗಳು. ಮನೆ ಕಡೆಯ ಎರಡು ತೊಲೆಗಳನ್ನು ಪೂರ್ತಿ ಬದಲಾಯಿಸುವುದು ಬಾಕಿ. ಅದಕ್ಕೆ ಮತ್ತಿ ಮರ ಕೊಯ್ಸಿ ಅಟ್ಟದಲ್ಲಿ ಇಟ್ಟಿದ್ದಾರೆ, ಮುಂದಿನ ಫೆಬ್ರವರಿಗೆ ಮೀಟರ್ 15ರ ಕೆಳಗೆ ತೋರಿಸಿದರೆ ಹಾಕುವುದು, ಇಲ್ಲದಿದ್ದರೆ ಇನ್ನೊಂದು ವರ್ಷ ಬೋಲ್ಟಿನ ಮೇಲೇ ನಡೆಯಲಿ.